ಮಕ್ಕಳಿಗೆ ಶುಗರ್ ಹಾಕಿಕೊಡುವ ಮೊದಲು ಕಾರ್ಡ್ ಅಸಲಿಯಾ ನೋಡಿ

ರಾಸ್ಪ್‌ಬೆರಿ ಪೈ (ಮೆಮೊರಿ ಕಾರ್ಡಿನಿಂದಲೇ ಓಡುವ ಅಂಗೈಯಗಲದ ಕಂಪ್ಯೂಟರ್) ಮೇಲೆ ಮಕ್ಕಳಿಗೆ ಶುಗರ್ ಹಾಕಿಕೊಡೋಣ ಅಂತಿದ್ದರೆ ಮೊದಲು ಮೆಮೊರಿ ಕಾರ್ಡ್ ಪರೀಕ್ಷೆ ಮಾಡಿಕೊಳ್ಳಿ. ನಾನು ಮಾಡಲಿಲ್ಲ. ಮಗಳು ಬರೆದ ಚಿತ್ರಗಳೆಲ್ಲ ಹೋದವು.

ಶುಗರ್ ಅಂದ್ರೆ ಕಾಯಿಲೆ ಅಲ್ಲ. (‘ಪುಟ್ಟಿಗೆ ಶುಗರ್ ಹಾಕ್ತಿದೀನಿ’ ಅಂದಿದ್ದಕ್ಕೆ ಫೋನಿನಲ್ಲೇ ನಮ್ಮಮ್ಮ ಗಾಬರಿಯಾದರು.) ಮಗುವಿಗೊಂದು ಲ್ಯಾಪ್‌ಟಾಪ್ ಅಂತ ಒಂದು ಯೋಜನೆ ಬಂದಿತ್ತಲ್ವಾ, ಹಸಿರು-ಬಿಳಿ ಲ್ಯಾಪ್‌ಟಾಪ್? ಅದಕ್ಕೆಂದು ಮಾಡಿದ ಡೆಸ್ಕ್‌ಟಾಪ್ ತಂತ್ರಾಂಶ ಇದು. 2008ರಿಂದ ಶುಗರ್ ಲ್ಯಾಬ್ಸ್ ನೋಡಿಕೊಳ್ಳುತ್ತಿದೆ, ಉಚಿತ. ಪರದೆಯ ನಡುವೆ ಪುಟ್ಟ ಮನುಷ್ಯನ ಗುರುತು, ಸುತ್ತ ಬಳೆಯಂತೆ ಆಟ-ಪಾಠದ ಚಿತ್ರಗಳು. ‘ಸೇವ್’ ಒತ್ತುವ ಗೋಜಿಲ್ಲ, ಮಗು ಮಾಡಿದ್ದೆಲ್ಲ ತಾನಾಗೇ ಜರ್ನಲ್ ಅನ್ನೋ ದಿನಚರಿಗೆ ಸೇರುತ್ತದೆ. ಆ ಜರ್ನಲ್ ಇರುವುದು ಅದೇ ಕಾರ್ಡಿನಲ್ಲಿ.

ಕಾರ್ಡ್ ತಂದಿದ್ದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ. 64 ಜಿಬಿ, ಬೇರೆಡೆಯ ಅರ್ಧ ಬೆಲೆ. ‘ಒರಿಜಿನಲ್ಲೇ ಸಾರ್, ಡೌಟೇ ಬೇಡ’ ಅಂದ ಅಂಗಡಿಯವ. ಬಿಲ್ ಕೇಳಿದರೆ ಜಿಎಸ್‌ಟಿ ಜಾಸ್ತಿ ಬೀಳುತ್ತೆ ಅಂದ. ನಾನೂ ಸುಮ್ನೆ ಜೇಬಿಗೆ ಹಾಕಿಕೊಂಡು ಬಂದೆ.

ಇನ್‌ಸ್ಟಾಲ್ ಕಷ್ಟವಾಗಲಿಲ್ಲ. ಇಮೇಜರ್ ಅನ್ನೋ ಟೂಲಿನಿಂದ ಕಾರ್ಡಿಗೆ ಪೈ ಓಎಸ್ (ಪೈನ ಆಪರೇಟಿಂಗ್ ಸಿಸ್ಟಮ್) ಬರೆದೆ, ಬರೆದದ್ದು ಸರಿಯಿದೆಯಾ ಅಂತ ಅದು ಮಾಡುವ ವೆರಿಫೈ ಕೂಡ ಪಾಸಾಯಿತು. ಆಮೇಲೆ ಶುಗರ್ ಇರುವ ‘ಸುಕ್ರೋಸ್’ ಅನ್ನೋ ಪ್ಯಾಕೇಜ್ ಹಾಕಿ, ಲಾಗಿನ್ ಪರದೆಯಲ್ಲಿ ಶುಗರ್ ಆರಿಸಿದೆ, ಅಷ್ಟೇ. ನಾಲ್ಕು ದಿನ ಪುಟ್ಟಿ ಪೇಂಟ್ ಬಿಟ್ಟು ಏಳಲಿಲ್ಲ. ಒಂದು ನೇರಳೆ ಆನೆ, ಅದರ ಬೆನ್ನ ಮೇಲೆ ನಮ್ಮ ಬಿಎಂಟಿಸಿ ಬಸ್ಸು.

ಐದನೇ ದಿನ ಕಪ್ಪು ಪರದೆ. ಸಾಲು ಸಾಲು ಎರರ್. ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಆಗಾಗ ಬರುತ್ತಿದ್ದದ್ದು ನೆನಪಾಯಿತು. ವೋಲ್ಟೇಜ್ ಸಾಲದಿದ್ದರೆ ಅದು ಬರುತ್ತದೆ. ಹಳೇ ಫೋನ್ ಚಾರ್ಜರ್ ಹಾಕಿದ್ದೆ, ಪೈ 4ಕ್ಕೆ 5 ವೋಲ್ಟ್ 3 ಆಂಪ್ ಬೇಕು. ಸರಿ, ಇದೇ ಕಳ್ಳ ಅಂದುಕೊಂಡು ಹೊಸ ಅಡಾಪ್ಟರ್ ತಂದೆ. ಮಿಂಚು ಹೋಯಿತು. ಮತ್ತೆ ಎಲ್ಲ ಹೊಸದಾಗಿ ಹಾಕಿದೆ. ಮೂರೇ ದಿನಕ್ಕೆ ಅದೇ ಕಪ್ಪು ಪರದೆ.

ಕೊನೆಗೆ ಆಫೀಸಿನ ಗೆಳೆಯನೊಬ್ಬ ಎಫ್3 ಅನ್ನೋ ಉಚಿತ ಟೂಲ್ ಹೇಳಿದ. ಕಾರ್ಡ್ ತುಂಬುವವರೆಗೂ ಫೈಲ್ ಬರೆದು, ಆಮೇಲೆ ಓದಿ ತಾಳೆ ನೋಡುತ್ತದೆ. ರಾತ್ರಿ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಸರಿಯಿದ್ದ ಜಾಗ 8 ಜಿಬಿಯೂ ಇಲ್ಲ! ಮಿಕ್ಕಿದ್ದೆಲ್ಲ ‘ಲಾಸ್ಟ್’, ಅಂದ್ರೆ ಕಳೆದುಹೋಗಿದೆ. 64 ಅಂತ ಸುಳ್ಳು ಹೇಳುವ ಕಾರ್ಡದು. ಓಎಸ್ ಆ ಅಸಲಿ ಜಾಗದೊಳಗೇ ಕೂತಿತ್ತು, ಅದಕ್ಕೇ ವೆರಿಫೈ ಪಾಸಾಗಿತ್ತು. ಮೊದಲ ಸಲ ಆನ್ ಆದಾಗ ಪೈ ಇಡೀ 64 ಜಿಬಿಗೆ ಫೈಲ್ ಸಿಸ್ಟಮ್ (ಫೈಲುಗಳನ್ನಿಡುವ ಜಾಗ) ಹಿಗ್ಗಿಸುತ್ತದೆ. ಇಲ್ಲದ ಜಾಗಕ್ಕೆ ಬರೆದದ್ದು ಎಲ್ಲಿ ಉಳಿಯುತ್ತೆ ಹೇಳಿ?

ಅಂಗಡಿಗೆ ಹೋದೆ. ‘ಬಿಲ್ ಕೊಡಿ ಸಾರ್, ನೋಡೋಣ’ ಅಂದ.

ಹಾಗಾಗಿ ಬಿಲ್ ಕೊಡದ ಕಡೆ ಕಾರ್ಡ್ ತಗೋಬೇಡಿ. ತಂದ ದಿನವೇ, ಖಾಲಿ ಇರುವಾಗಲೇ ಎಫ್3 ಓಡಿಸಿ. ವಿಂಡೋಸ್‌ನವರಿಗೆ ಇದೇ ಕೆಲಸಕ್ಕೆ ಎಚ್2ಟೆಸ್ಟ್‌ಡಬ್ಲ್ಯೂ ಇದೆ. ಮಕ್ಕಳ ಚಿತ್ರಗಳನ್ನು ಬೇರೆ ಕಡೆಯೂ ಇಟ್ಟುಕೊಳ್ಳಿ: ಪೆನ್‌ಡ್ರೈವ್ ಚುಚ್ಚಿದರೆ ಜರ್ನಲ್‌ನ ಕೆಳಗೇ ಕಾಣಿಸುತ್ತದೆ, ಚಿತ್ರವನ್ನು ಅದರ ಮೇಲೆ ಎಳೆದುಬಿಟ್ಟರೆ ಕಾಪಿ ಆಯಿತು. ಈಗ ಪುಟ್ಟಿಗೇ ಅದನ್ನು ಕಲಿಸಿದ್ದೇನೆ. ಆನೆ ಮತ್ತೆ ಬರೆದಿದ್ದಾಳೆ. ಬಸ್ಸು ಮಾತ್ರ ಬರೆಯಲ್ಲವಂತೆ.