ಪೌಡರ್ ಎಕ್ಸ್‌ಆರ್‌ಡಿ ಕಲಿಯೋಕೆ ಯಾವುದು ಒಳ್ಳೇದು? ದುಡ್ಡು ಕೊಟ್ಟಿದ್ದು, ಪುಕ್ಕಟೆ ಸಿಕ್ಕಿದ್ದು

ಮೊದಲೇ ಹೇಳಿಬಿಡುತ್ತೇನೆ. ಪೌಡರ್ ಎಕ್ಸ್‌ಆರ್‌ಡಿ (ಪುಡಿಯ ಮೇಲೆ ಎಕ್ಸ್‌-ರೇ ಬಿಟ್ಟು, ಅದು ಚದುರುವ ಕೋನಗಳಿಂದ ಒಳಗಿನ ರಚನೆ ತಿಳಿಯುವ ವಿಧಾನ) ಡೇಟಾ ಬಿಡಿಸುವುದನ್ನು ಮನೆಯಲ್ಲೇ ಕೂತು ಕಲಿಯಬೇಕು ಅಂದರೆ ನನ್ನ ಓಟು ಜಿಎಸ್‌ಎಎಸ್-2 ತಂತ್ರಾಂಶದ ಟ್ಯುಟೋರಿಯಲ್‌ಗಳಿಗೆ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಬ್ರಯಾನ್ ಟೋಬಿ ಮತ್ತು ರಾಬರ್ಟ್ ವಾನ್ ಡ್ರೀಲ್ ಕಟ್ಟಿದ್ದು. ಪೂರ್ತಿ ಉಚಿತ. ಇದಕ್ಕೆ ಬರುವ ಮುಂಚೆ ಎರಡೂವರೆ ಸಾವಿರ ರೂಪಾಯಿ ಕೊಟ್ಟು ಎರಡು ದಿನದ ಆನ್‌ಲೈನ್ ವರ್ಕ್‌ಶಾಪ್ ಒಂದನ್ನು ಮುಗಿಸಿದ್ದೆ. ಹೆಸರು ಬೇಡ ಬಿಡಿ.

ನಾನು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾ ಪಾರ್ಟ್‌ಟೈಮ್ ಪಿಎಚ್‌ಡಿ ಮಾಡುತ್ತಿರುವವನು. ನನ್ನ ವಸ್ತು ಕೋಬಾಲ್ಟ್ ಫೆರೈಟ್. ನೈಟ್ರೇಟ್‌ಗಳಿಗೆ ಗ್ಲೈಸೀನ್ ಬೆರೆಸಿ ಫರ್ನೇಸಿನಲ್ಲಿಟ್ಟರೆ ಭುಸ್ಸನೆ ಉರಿದು ಹಗುರವಾದ ಕಪ್ಪು ಪುಡಿ ಉಳಿಯುತ್ತದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಕೆ. ಸಿ. ಪಾಟೀಲರ ಗುಂಪು ಬೆಳೆಸಿದ ಕಂಬಷನ್ ವಿಧಾನ ಇದು. ಫರ್ನೇಸ್ ಒಂದಿದ್ದರೆ ಸಾಕು, ಸಣ್ಣ ಕಾಲೇಜಿನಲ್ಲೂ ಮಾಡಬಹುದು. ತಾಪತ್ರಯ ಶುರುವಾಗುವುದು ಆಮೇಲೆ. ಈ ಎಕ್ಸ್‌-ರೇ ಅಳತೆ ಮಾಡುವ ಯಂತ್ರ, ಡಿಫ್ರಾಕ್ಟೋಮೀಟರ್, ನಮ್ಮಲ್ಲಿ ಇಲ್ಲ. ಪುಡಿಯನ್ನು ಪುಟ್ಟ ಬಾಟಲಿಗೆ ತುಂಬಿ ಬೇರೆ ಕಡೆ ಕಳಿಸಬೇಕು, ಸ್ಯಾಂಪಲ್‌ಗೆ ಇಷ್ಟು ಅಂತ ಕಟ್ಟಬೇಕು, ಮೇಲ್‌ನಲ್ಲಿ ಎರಡು ಕಾಲಮ್ಮಿನ ಫೈಲ್ ಬರುತ್ತದೆ. ಒಂದು ಕಾಲಮ್ಮಿನಲ್ಲಿ ಕೋನ, ಇನ್ನೊಂದರಲ್ಲಿ ಆ ಕೋನದಲ್ಲಿ ಎಷ್ಟು ಎಕ್ಸ್‌-ರೇ ಬಂತು ಅನ್ನುವ ಎಣಿಕೆ. ಅಷ್ಟೇ.

ವರ್ಕ್‌ಶಾಪಿನಲ್ಲಿ ಮೊದಲ ದಿನ ಈ ವಿಷಯದ ಮೊದಲ ಪಾಠವಾದ ಬ್ರ್ಯಾಗ್ ನಿಯಮಕ್ಕೇ ಹೋಯಿತು. ಎರಡನೇ ದಿನ ಲೈಸೆನ್ಸ್ ಇಲ್ಲದೆ ತೆರೆಯದ ಒಂದು ತಂತ್ರಾಂಶವನ್ನು ಅವರು ಸ್ಕ್ರೀನ್ ಮೇಲೆ ಓಡಿಸಿದರು, ನಾವು ನೋಡಿದೆವು. ಡೇಟಾ ಸಿಲಿಕಾನ್‌ದು. ಗ್ರಾಫಿನಲ್ಲಿ ಚೂಪಾದ ಪೀಕ್‌ಗಳು (ಎಣಿಕೆ ಏರುವ ಶಿಖರಗಳು), ಚಪ್ಪಟೆ ಬ್ಯಾಕ್‌ಗ್ರೌಂಡ್, ಅದು ಯಾರ ಕೈಯಲ್ಲಾದರೂ ಫಿಟ್ ಆಗುತ್ತದೆ, ಅಂದರೆ ಲೆಕ್ಕದ ಗೆರೆ ಅದರ ಮೇಲೆ ಹೊಂದಿ ಕೂರುತ್ತದೆ. ನನ್ನ ಪುಡಿಯಲ್ಲಿ ಕಬ್ಬಿಣ, ಕೋಬಾಲ್ಟ್ ಎರಡೂ ಇವೆ. ತಾಮ್ರದ ಟ್ಯೂಬಿನ ಎಕ್ಸ್‌-ರೇ ಬಿದ್ದರೆ ಎರಡೂ ತಾವೇ ಬೇರೆ ಎಕ್ಸ್‌-ರೇ ಹೊರಸೂಸುತ್ತವೆ, ಬ್ಯಾಕ್‌ಗ್ರೌಂಡ್ ಮೇಲೇರಿ ಕೂರುತ್ತದೆ. ಇದಕ್ಕೇನು ಮಾಡೋದು ಅಂತ ಕೇಳಿದೆ. ಕೊನೆಯ ಡೌಟ್ ಸೆಷನ್‌ನಲ್ಲಿ ನೋಡೋಣ ಅಂದರು. ಡೌಟ್ ಸೆಷನ್ ಗ್ರೂಪ್ ಫೋಟೋದಲ್ಲಿ ಮುಗಿಯಿತು. ಸರ್ಟಿಫಿಕೇಟ್ ಮಾತ್ರ ಮಾರನೇ ದಿನವೇ ಬಂತು.

ಐಐಟಿ, ಐಐಎಸ್‌ಸಿಗಳು ಆನ್‌ಲೈನ್‌ನಲ್ಲಿ ಕೊಡುವ ಎನ್‌ಪಿಟಿಇಎಲ್ ಪಾಠಗಳು ಬೇರೆ ಜಾತಿಯವು. ಥಿಯರಿ ಗಟ್ಟಿ, ನೋಡಲು ಕಾಸಿಲ್ಲ. ನನ್ನ ಎಂಎಸ್ಸಿ ಕ್ಲಾಸಿಗೆ ಅವುಗಳಿಂದಲೇ ನೋಟ್ಸ್ ಮಾಡಿಕೊಂಡಿದ್ದೇನೆ. ನಮ್ಮ ಫೈಲನ್ನು ಬಿಡಿಸುವ ಕೆಲಸಕ್ಕೆ ಅವು ಇರುವುದೇ ಅಲ್ಲ.

ಈಗ ನನ್ನನ್ನು ಜಾಸ್ತಿ ಸತಾಯಿಸಿದ ವಿಷಯಕ್ಕೆ ಬರುತ್ತೇನೆ. ಯಾವ ಟ್ಯುಟೋರಿಯಲ್ ತೆಗೆದರೂ ಡೇಟಾದ ಜೊತೆ ಅಳೆದ ಯಂತ್ರದ ಗುಣಗಳನ್ನು ಬರೆದಿಟ್ಟ ಇನ್‌ಸ್ಟ್ರುಮೆಂಟ್ ಫೈಲ್ ಸಿದ್ಧವಾಗಿ ಬರುತ್ತದೆ. ಜಿಎಸ್‌ಎಎಸ್-2ರಲ್ಲಿ ಫ್ಲೋರೋಅಪಟೈಟ್ ಖನಿಜದ ಅಭ್ಯಾಸವೊಂದಿದೆ, ಅದರಲ್ಲೂ ಹಾಗೇ. ಹೇಳಿದಂತೆ ಒತ್ತುತ್ತಾ ಹೋದರೆ ಫಿಟ್ ಚೆಂದವಾಗಿ ಕೂರುತ್ತದೆ, ಕಲಿತೆ ಅನ್ನಿಸುತ್ತದೆ. ನಮ್ಮ ಫೈಲ್ ಹಾಕಿದ ಕೂಡಲೇ ಇನ್‌ಸ್ಟ್ರುಮೆಂಟ್ ಫೈಲ್ ಎಲ್ಲಿ ಅಂತ ಕೇಳುತ್ತದೆ. ಎಲ್ಲಿಂದ ತರೋದು? ಇಲ್ಲ ಅಂದರೆ ತಾಮ್ರದ ಟ್ಯೂಬಿನ ಸಾಮಾನ್ಯ ಲ್ಯಾಬ್ ಯಂತ್ರದ ಬೆಲೆಗಳನ್ನು ಅದೇ ಕೊಡುತ್ತದೆ. ಕೆಲಸ ಮುಂದೆ ಹೋಗುತ್ತದೆ. ಆದರೆ ಅದು ನಮ್ಮ ಪುಡಿ ಕೂತಿದ್ದ ಯಂತ್ರ ಅಲ್ಲವಲ್ಲ.

ಅದರಿಂದ ಏನಾಯ್ತು ಅಂತೀರಾ? ಪೀಕಿನ ಅಗಲದಲ್ಲಿ ಒಂದು ಪಾಲು ಪುಡಿಯದು, ಇನ್ನೊಂದು ಪಾಲು ಯಂತ್ರದ್ದು. ನಮ್ಮ ಕಡೆ ಬಹಳ ಜನ ಆರಿಜಿನ್ ಎಂಬ ಗ್ರಾಫ್ ತಂತ್ರಾಂಶದಲ್ಲಿ ಪೀಕಿನ ಅಗಲ ಅಳೆದು, ಅಗಲದಿಂದ ಕಣದ ಗಾತ್ರ ಹೇಳುವ ಶೆರರ್ ಸೂತ್ರಕ್ಕೆ ನೇರ ಹಾಕುತ್ತಾರೆ. ಫೆರೈಟಿನ ದೊಡ್ಡ ಪೀಕ್ 35.5 ಡಿಗ್ರಿ ಹತ್ತಿರ ಬರುತ್ತದೆ. ಅದರ ಅಗಲ 0.15 ಡಿಗ್ರಿ ಇದ್ದರೆ ಸೂತ್ರ ಸುಮಾರು 56 ನ್ಯಾನೋಮೀಟರ್ ಅನ್ನುತ್ತದೆ. ಅದರಲ್ಲಿ 0.1 ಡಿಗ್ರಿ ಯಂತ್ರದ್ದೇ ಆಗಿದ್ದರೆ? ಪೀಕಿನ ಆಕಾರ ಗಾಸಿಯನ್ ಅಂತ ಹಿಡಿದು ಕಳೆದರೆ 75 ನ್ಯಾನೋಮೀಟರ್ ಆಗುತ್ತದೆ, ಲೊರೆಂಟ್ಸಿಯನ್ ಅಂತ ಹಿಡಿದು ಕಳೆದರೆ 160 ದಾಟುತ್ತದೆ. ಪುಡಿ ಅದೇ, ಪೀಕೂ ಅದೇ. ಹತ್ತಿಪ್ಪತ್ತು ನ್ಯಾನೋಮೀಟರಿನ ಕಣಗಳಾದರೆ ಪೀಕೇ ಅಗಲ ಇರುವುದರಿಂದ ಯಂತ್ರದ ಪಾಲು ಅಷ್ಟು ಕಾಡುವುದಿಲ್ಲ. 900 ಡಿಗ್ರಿಗೆ ಕಾಯಿಸಿ ಕಣ ದೊಡ್ಡದಾದ ಪುಡಿಯಾದರೆ ನಂಬರಿಗೆ ಅರ್ಥವೇ ಇರುವುದಿಲ್ಲ.

ಜಿಎಸ್‌ಎಎಸ್-2 ನನಗೆ ಹಿಡಿಸಿದ್ದು ಇಲ್ಲಿ. ಇನ್‌ಸ್ಟ್ರುಮೆಂಟ್ ಫೈಲನ್ನು ನಾವೇ ಮಾಡಿಕೊಳ್ಳುವುದಕ್ಕೆ ಅದರಲ್ಲಿ ಒಂದು ಪ್ರತ್ಯೇಕ ಟ್ಯುಟೋರಿಯಲ್ ಇದೆ. ಗೊತ್ತಿರುವ ಸ್ಟ್ಯಾಂಡರ್ಡ್ ಪುಡಿಯ ಸ್ಕ್ಯಾನ್ ತೆಗೆದುಕೊಳ್ಳಬೇಕು. ಪೀಕ್‌ಗಳನ್ನು ಒಂದೊಂದಾಗಿ ಗುರುತು ಹಾಕಿ ಫಿಟ್ ಮಾಡಬೇಕು. ಕೋನ ಏರಿದಂತೆ ಅಗಲ ಹೇಗೆ ಬದಲಾಗುತ್ತದೆ ಅನ್ನುವುದು ಯು, ವಿ, ಡಬ್ಲ್ಯು, ಎಕ್ಸ್, ವೈ ಎನ್ನುವ ಬೆಲೆಗಳಲ್ಲಿ ಬಂದು ಕೂರುತ್ತದೆ. ಸೇವ್ ಮಾಡಿಟ್ಟರೆ ಆ ಯಂತ್ರದಿಂದ ಬರುವ ಮುಂದಿನ ಸ್ಯಾಂಪಲ್‌ಗಳಿಗೂ ಅದೇ ಸಾಕು, ಎಕ್ಸ್‌-ರೇ ಹಾಯುವ ಕಿಂಡಿ (ಸ್ಲಿಟ್) ಬದಲಾಗದಿದ್ದರೆ. ಸ್ಟ್ಯಾಂಡರ್ಡ್ ಅಂದರೆ ಸಾಮಾನ್ಯವಾಗಿ ಅಮೆರಿಕದ ಅಳತೆ-ಮಾನಕಗಳ ಸಂಸ್ಥೆ ಎನ್‌ಐಎಸ್‌ಟಿ ಮಾರುವ ಲ್ಯಾಂಥನಮ್ ಹೆಕ್ಸಾಬೋರೈಡ್. ನಾವು ಕೊಳ್ಳುವ ರೇಟಲ್ಲ. ಸ್ಕ್ಯಾನ್ ಮಾಡಿಕೊಡುವ ಟೆಕ್ನಿಷಿಯನ್ ಹತ್ತಿರ ಕೇಳಿದೆ. "ಇದೆ ಸರ್, ಬೀರುವಿನಲ್ಲಿದೆ. ಯಾರೂ ಕೇಳಲ್ಲ" ಅಂದರು. ಒಂದು ಸ್ಯಾಂಪಲ್‌ನ ಚಾರ್ಜಿಗೇ ಓಡಿಸಿಕೊಟ್ಟರು. ವರ್ಕ್‌ಶಾಪಿನ ಫೀಸಿನಲ್ಲಿ ಇಂಥ ಎಷ್ಟು ಸ್ಕ್ಯಾನ್ ಆಗುತ್ತಿತ್ತೋ, ಲೆಕ್ಕ ಹಾಕಲು ಹೋಗಿಲ್ಲ.

ಇನ್ನೊಂದು ಸಣ್ಣ ಕಿರಿಕಿರಿ ಇದೆ. ಪರಮಾಣುಗಳು ಎಲ್ಲೆಲ್ಲಿ ಕೂತಿವೆ ಅನ್ನುವ ರಚನೆಯ ಫೈಲನ್ನು ಕ್ರಿಸ್ಟಲೋಗ್ರಫಿ ಓಪನ್ ಡೇಟಾಬೇಸ್‌ನಿಂದ ಪುಕ್ಕಟೆ ಇಳಿಸಿಕೊಳ್ಳಬಹುದು. ನನ್ನ ಫೆರೈಟಿನ ರಚನೆಗೆ ಸ್ಪಿನೆಲ್ ಅನ್ನುತ್ತಾರೆ. ಸ್ಪಿನೆಲ್‌ನ ಹಳೇ ಫೈಲ್‌ಗಳಲ್ಲಿ ಒಂದು ಲೋಹ 0, 0, 0 ಯಲ್ಲಿ ಕೂತಿರುತ್ತದೆ. ಅಳತೆ ಶುರುವಾಗುವ ಮೂಲಬಿಂದು ಎಲ್ಲಿ ಅನ್ನುವುದಕ್ಕೆ ಎರಡು ಆಯ್ಕೆಗಳಿವೆ, ಅದು ಮೊದಲನೆಯದು. ಜಿಎಸ್‌ಎಎಸ್-2 ಒಪ್ಪುವುದು ಎರಡನೆಯದನ್ನು, ಅದರಲ್ಲಿ ಅದೇ ಲೋಹ 1/8, 1/8, 1/8 ರಲ್ಲಿರಬೇಕು. ಹಾಗೇ ತುರುಕಿದರೆ ಪೀಕ್‌ಗಳ ಜಾಗ ಸರಿ ಇರುತ್ತದೆ, ಎತ್ತರ ಎಲ್ಲಾ ಎಡವಟ್ಟು. ತಂತ್ರಾಂಶ ಎಚ್ಚರಿಕೆ ಕೊಡುತ್ತದೆ, ಓದದೆ ಓಕೆ ಒತ್ತಬೇಡಿ.

ಎರಡನೇ ಸ್ಥಾನ ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನವರು ವೆಬ್‌ಗೆಂದೇ ಬರೆದ ಪೌಡರ್ ಡಿಫ್ರಾಕ್ಷನ್ ಕೋರ್ಸಿಗೆ. ಪುಟಗಳು ನೋಡಲು ಹಳೇ ಕಾಲದವು. ನನಗೇನೂ ತೊಂದರೆಯಿಲ್ಲ, ಪ್ರಿಂಟ್ ತೆಗೆದು ಬಸ್ಸಿನಲ್ಲಿ ಓದುತ್ತೇನೆ. ಜಿಎಸ್‌ಎಎಸ್-2 ಯಾವುದನ್ನು ಒತ್ತಬೇಕು ಅಂತ ಹೇಳುತ್ತದೆ, ಯಾಕೆ ಒತ್ತಬೇಕು ಅನ್ನೋದು ಇಂಥ ಓದಿನಿಂದಲೇ ಬರಬೇಕು. ಉದಾಹರಣೆಗೆ, ಹೋಲ್ಡರಿನಲ್ಲಿ ಪುಡಿ 0.1 ಮಿಲಿಮೀಟರ್ ತಗ್ಗಿದ್ದರೆ, 200 ಮಿಲಿಮೀಟರ್ ತ್ರಿಜ್ಯದ (ಪುಡಿಯಿಂದ ಡಿಟೆಕ್ಟರಿಗೆ ಅಷ್ಟು ದೂರದ) ಯಂತ್ರದಲ್ಲಿ ಕೆಳಕೋನದ ಪೀಕ್‌ಗಳು 0.06 ಡಿಗ್ರಿಯಷ್ಟು ಜರುಗುತ್ತವೆ. ಇದನ್ನೂ ಯಂತ್ರದ ಸೊನ್ನೆ ದೋಷವನ್ನೂ (ಕೋನದ ಸೊನ್ನೆಯೇ ಜರುಗಿರುವುದು) ಫಿಟ್‌ನಲ್ಲಿ ಬದಲಾಗಲು ಒಟ್ಟಿಗೆ ಸಡಿಲ ಬಿಟ್ಟರೆ ಒಂದನ್ನೊಂದು ಎಳೆದಾಡುತ್ತವೆ. ಸ್ಟ್ಯಾಂಡರ್ಡ್‌ನಿಂದ ಸೊನ್ನೆ ಕಟ್ಟಿಹಾಕಿ, ಪುಡಿಯ ಎತ್ತರವನ್ನಷ್ಟೇ ಸಡಿಲ ಬಿಡಿ.

ಫುಲ್‌ಪ್ರೊಫ್ ಎಂಬ ಇನ್ನೊಂದು ತಂತ್ರಾಂಶವನ್ನು ಹೇಳದೆ ಬಿಟ್ಟರೆ ನಮ್ಮ ಲ್ಯಾಬ್‌ನವರು ಜಗಳಕ್ಕೆ ಬರುತ್ತಾರೆ. ಫ್ರಾನ್ಸಿನಲ್ಲಿ ಹ್ವಾನ್ ರೊಡ್ರಿಗೆಸ್-ಕರ್ವಹಾಲ್ ಬೆಳೆಸಿದ್ದು. ಥೀಸಿಸ್‌ಗಳಲ್ಲಿ ಕಾಣುವ ಕೆಂಪು ಚುಕ್ಕಿ, ಕಪ್ಪು ಗೆರೆ, ಕೆಳಗೆ ನೀಲಿ ವ್ಯತ್ಯಾಸದ ಚಿತ್ರ ಇದರದ್ದೇ. ಮ್ಯಾಗ್ನೆಟಿಕ್ ರಚನೆಗೆ, ನ್ಯೂಟ್ರಾನ್ ಡೇಟಾಗೆ ಭೇಷ್. ಆದರೆ ಕಲಿಕೆಯೆಲ್ಲಾ ಅದಕ್ಕೆ ಸೂಚನೆ ಬರೆದುಕೊಡುವ ಪಿಸಿಆರ್ ಫೈಲ್ ಸುತ್ತ. ಅದರಲ್ಲಿ 21.00 ಅಂತ ಬರೆದರೆ ಫಿಟ್‌ನಲ್ಲಿ ಬದಲಾಗಬೇಕಾದ ಎರಡನೇ ಪ್ಯಾರಾಮೀಟರ್, ಬದಲಾವಣೆಯ ತೂಕ 1.00 ಅಂತ ಅರ್ಥ. ಹೇಳಿಕೊಡಲು ಸೀನಿಯರ್ ಪಕ್ಕದಲ್ಲಿದ್ದರೆ ಅದನ್ನೇ ಹಿಡಿಯಿರಿ. ರಾತ್ರಿ ಒಂಬತ್ತರ ಮೇಲೆ ಒಬ್ಬನೇ ಕೂರುವ ನನಗೆ ಅದು ಆಗಿಬರಲಿಲ್ಲ.

ಪ್ರೊಫೆಕ್ಸ್ ಅನ್ನುವ ತಂತ್ರಾಂಶ ಕೂಡ ಉಚಿತ, ಯಾವ ಖನಿಜ ಎಷ್ಟು ಪಾಲು ಅಂತ ತಿಳಿಯಲು ಸಲೀಸು. ಯಂತ್ರದ ಸ್ಲಿಟ್, ತ್ರಿಜ್ಯ ಎಲ್ಲಾ ಗೊತ್ತಿರಬೇಕು. ಮಣ್ಣು, ಸಿಮೆಂಟ್ ಕೆಲಸದವರು ಮೊದಲು ಅದನ್ನೇ ನೋಡಲಿ.

ನನ್ನ ಹಾಗೆ ಹೊರಗೆ ಸ್ಕ್ಯಾನ್ ಮಾಡಿಸುವವರು ಯಾವುದನ್ನೇ ಹಿಡಿದರೂ ಸ್ಯಾಂಪಲ್ ಕಳಿಸುವಾಗಲೇ ಚೀಟಿಯಲ್ಲಿ ಬರೆದುಬಿಡಿ: ಗ್ರಾಫಿನ ಚಿತ್ರ ಬೇಡ, ಮೂಲ ಫೈಲೇ ಬೇಕು. ಯಂತ್ರದ ತ್ರಿಜ್ಯ, ಸ್ಲಿಟ್ ಬರೆದು ಕೊಡಿ. ಅದೇ ವಾರ ಅದೇ ಸ್ಲಿಟ್‌ನಲ್ಲಿ ಒಂದು ಸ್ಟ್ಯಾಂಡರ್ಡ್ ಸ್ಕ್ಯಾನ್ ಕೂಡ.