ಡೈನಿಂಗ್ ಟೇಬಲ್, ನೆಲ, ಅಡುಗೆ ಕಟ್ಟೆ, 9,500 ರೂಪಾಯಿಯ ಕುರ್ಚಿ: ನನ್ನ ಬೆನ್ನು ಒಪ್ಪಿದ್ದು ಯಾವುದಕ್ಕೆ

ದೇವಸ್ಥಾನಗಳ ಬ್ರಹ್ಮಕಲಶೋತ್ಸವದ ಸೀಸನ್ ಬಂತು ಅಂದ್ರೆ ಡಿಟಿಪಿ, ಅಂದ್ರೆ ಕಂಪ್ಯೂಟರಲ್ಲಿ ಟೈಪ್ ಮಾಡಿ ಅಚ್ಚಿಗೆ ಪುಟ ತಯಾರು ಮಾಡುವವರ ಅವಸ್ಥೆ ಮಾಡಿದವರಿಗೇ ಗೊತ್ತು. ಒಂದು ಆಮಂತ್ರಣ ಪತ್ರಿಕೆಯಲ್ಲಿ 400-500 ಹೆಸರು, ಸಮಿತಿ, ಉಪಸಮಿತಿ, ಅದಕ್ಕೊಬ್ಬ ಸಂಚಾಲಕ, ಒಬ್ಬ ಸಹಸಂಚಾಲಕ, ಎಲ್ಲಾ ಮುಗೀತು ಅಂತ ಲ್ಯಾಪ್‌ಟಾಪ್ ಮುಚ್ಚುವಾಗ ರಾತ್ರಿ ಹತ್ತು ಗಂಟೆಗೆ ಫೋನು, "ಒಂದು ಹೆಸರು ಬಿಟ್ಟು ಹೋಗಿದೆ ಮಾರಾಯ್ತಿ". ಕಟಪಾಡಿ ಹತ್ರ ಮನೆಯಲ್ಲೇ ಕೂತು ಈ ಕೆಲಸ ಮಾಡುದು ನಾನು. ಕಳೆದ ಸೀಸನ್‌ನಲ್ಲಿ ಕುತ್ತಿಗೆ ನೋವು ಹೇಗೂ ಇತ್ತು, ಅದರ ಜೊತೆಗೆ ಬಲಗೈ ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು ಹಿಡಿಲಿಕ್ಕೆ ಶುರುವಾಯ್ತು.

ನಾನು ಇದು ಕಾರ್ಪಲ್ ಟನಲ್ಲೇ ಅಂತ ಹೆದರಿ ಫಿಸಿಯೋ ಹತ್ರ ಹೋದೆ. ಅವರು ಹೇಳಿದ್ದು, ಅದಾದ್ರೆ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಬರ್ತದೆ, ಮಣಿಕಟ್ಟಲ್ಲಿ ನರ ಒತ್ತಿ. ನಿಮ್ಮದು ಮೊಣಕೈ ನರ, ಎಲ್ಲಿಯಾದ್ರೂ ತಾಗಿದ್ರೆ ಶಾಕ್ ಹೊಡೆದ ಹಾಗೆ ಆಗ್ತದಲ್ಲ, ಅದೇ. ಮೇಜಿನ ಅಂಚಿಗೆ ಮೊಣಕೈ ಊರಿ ಕೂರ್ತೀರಾ, ಮೇಜು ಎಷ್ಟು ಎತ್ತರ ಅಂತ ಕೇಳಿದ್ರು. ನನಗೆಲ್ಲಿ ಗೊತ್ತು. ಮನೆಗೆ ಬಂದು ಹೊಲಿಗೆ ಟೇಪಲ್ಲಿ ಅಳೆದೆ.

ಡೈನಿಂಗ್ ಟೇಬಲ್ 30 ಇಂಚು, ಅದರ ಮರದ ಕುರ್ಚಿ 18. ನನ್ನ ಎತ್ತರ 5 ಅಡಿ 1 ಇಂಚು, ಕೂತಾಗ ಸೀಟಿಂದ ಮೊಣಕೈಗೆ 9 ಇಂಚು. ಅಂದ್ರೆ ನನ್ನ ಕೈ 27ರಲ್ಲಿ, ಟೇಬಲ್ 30ರಲ್ಲಿ. ಆ 3 ಇಂಚಿಗೋಸ್ಕರ ನಾನು ಇಡೀ ದಿನ ಭುಜ ಎತ್ತಿ ಕೂತದ್ದು, ಸುಸ್ತಾದಾಗ ಮೊಣಕೈ ಅಂಚಿಗೆ ಊರಿದ್ದು, ಅದು ಜೋಮು ಹಿಡಿದದ್ದು. ಮತ್ತೆ ತಮಾಷೆ ಎಂತ ಅಂದ್ರೆ ಆ 18 ಇಂಚಿನ ಕುರ್ಚಿಯಲ್ಲೇ ನನ್ನ ಕಾಲು ನೆಲಕ್ಕೆ ಸರಿ ಮುಟ್ಟುದಿಲ್ಲ, ಹಾಗಾಗಿ ಯಾವಾಗ್ಲೂ ಸೀಟಿನ ಎದುರಿಗೆ ಜಾರಿಕೊಂಡು ಕೂರುದು, ಬೆನ್ನು ಒರಗುದೇ ಇಲ್ಲ. ಮೇಜು ಎತ್ತರ, ಕುರ್ಚಿಯೂ ಎತ್ತರ, ನಾನು ಮಾತ್ರ ಗಿಡ್ಡ.

ಅಮ್ಮ ಹೇಳಿದ್ರು, ಕುರ್ಚಿ ಎಂತಕ್ಕೆ, ನೆಲದಲ್ಲಿ ಕೂತುಕೋ, ನಾನು 30 ವರ್ಷ ಬೀಡಿ ಕಟ್ಟಿದ್ದು ನೆಲದಲ್ಲೇ ಅಲ್ವಾ. ಸರಿ, ಹಾಸಿಗೆ ಮೇಲೆ ಇಡುವ ಮಡಚುವ ಸಣ್ಣ ಟೇಬಲ್ ಇತ್ತು, 11 ಇಂಚಿನದ್ದು, ಊಟದ ಮಣೆ ಒಂದು ಹಾಕಿ ಅದರ ಮೇಲೆ ಕೂತೆ. ಸುಳ್ಳು ಹೇಳ್ಬಾರ್ದು, ಕೈಗೆ ಭಾರೀ ಆರಾಮ ಆಯ್ತು, ಮಣೆ ಮೇಲೆ ಸೊಂಟ ಸ್ವಲ್ಪ ಎತ್ತರ ಆಗುದ್ರಿಂದ ಬೆನ್ನೂ ನೆಟ್ಟಗೆ ನಿಲ್ತದೆ, ಬರೀ ನೆಲದಲ್ಲಿ ಚಕ್ಕಳಮಕ್ಕಳ ಹಾಕಿದ್ರೆ ಹತ್ತು ನಿಮಿಷದಲ್ಲಿ ಗೂನು ಬೀಳ್ತದೆ. ಆದ್ರೆ ಸ್ಕ್ರೀನ್ ಕೆಳಗೆ. ತಲೆ ಅಂದ್ರೆ ಸುಮಾರು 5 ಕೆಜಿ, ಸುಲಿಯದ ತೆಂಗಿನಕಾಯಿ ನಾಲ್ಕು ಕುತ್ತಿಗೆಗೆ ನೇತು ಹಾಕಿದ ಹಾಗೆ. ಅರ್ಧ ಗಂಟೆ ಆದ ಮೇಲೆ ಅಮ್ಮನ ಕಡೆ ನೋಡಿದೆ, ಮಡಿಲಲ್ಲಿ ತಡ್ಪೆ (ಮೊರ), ಕುತ್ತಿಗೆ ಬಗ್ಗಿಸಿ ಎಲೆ ಸುತ್ತುತ್ತಾ ಇದ್ರು, ನಾನು ಬಗ್ಗಿಸಿದ ಹಾಗೇ. ಅವರಿಗೂ ಕುತ್ತಿಗೆ ನೋವು ಉಂಟು, ಹೇಳುದಿಲ್ಲ ಅಷ್ಟೇ. ನೆಲ 40 ನಿಮಿಷಕ್ಕೆ ಚೆನ್ನಾಗುಂಟು, ಆಮೇಲೆ ಮೊಣಕಾಲಿಂದ ಕೆಳಗೆ ಕಾಲು ಉಂಟಾ ಇಲ್ವಾ ಗೊತ್ತಾಗುದಿಲ್ಲ, ಮತ್ತೆ ಮಳೆಗಾಲದಲ್ಲಿ ಆ ನೆಲ ಐಸ್.

ನಿಂತು ಮಾಡುದು ಈಗ ಫ್ಯಾಷನ್ ಅಲ್ವಾ, ಅದನ್ನೂ ನೋಡಿದೆ, ಅಡುಗೆ ಕಟ್ಟೆಯಲ್ಲಿ. ಕಟ್ಟೆ 33 ಇಂಚು, ನಿಂತಾಗ ನನ್ನ ಮೊಣಕೈ 38. ಲ್ಯಾಪ್‌ಟಾಪ್ ಅಡಿಗೆ ಅಕ್ಕಿ ಅಳೆಯುವ ಡಬ್ಬಿ ಇಟ್ಟೆ. ಹಿಮ್ಮಡಿ ನೋವು, ಒಗ್ಗರಣೆ ಸಿಡಿಯುದು, ಮೀನು ಕ್ಲೀನ್ ಮಾಡ್ಲಿಕ್ಕೆ ಜಾಗ ಇಲ್ಲ ಅಂತ ಬೈಗುಳ. ಟೈಪಿಂಗಿಗೆ ಆಗ್ಲಿಕ್ಕಿಲ್ಲ. ಪ್ರೂಫ್ ಓದ್ಲಿಕ್ಕೆ ಮಾತ್ರ ಈಗಲೂ ಪ್ರಿಂಟ್ ಹಿಡ್ಕೊಂಡು ಅಲ್ಲೇ ನಿಲ್ತೇನೆ, ಕಣ್ಣಿಗೂ ಸ್ಕ್ರೀನಿಂದ ರಜೆ.

ಇನ್ನು ಕುರ್ಚಿ. 9,500 ಕೊಟ್ಟು ತಕೊಂಡೆ, ಬೆನ್ನಿಗೆ ನೆಟ್ ಇರುವಂಥದ್ದು. ನೆಟ್ ಆದದ್ದು ಒಳ್ಳೆದಾಯ್ತು, ನಮ್ಮ ಊರಿನ ಸೆಕೆಗೆ ರೆಕ್ಸಿನ್ ಕುರ್ಚಿಯಲ್ಲಿ ಬೆನ್ನೆಲ್ಲಾ ಬೆವರು, ಪಕ್ಕದ ಮನೆಯವರದ್ದು ಎರಡು ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂದಿದೆ. ಆದ್ರೆ ಕೂತು ನೋಡಿದ್ರೆ ಸೀಟ್ ನನಗೆ ಉದ್ದ. ಪೂರಾ ಹಿಂದೆ ಸರಿದು ಕೂತಾಗ ಸೀಟಿನ ಅಂಚಿಗೂ ಮಂಡಿಯ ಹಿಂದಿಗೂ ಎರಡು ಮೂರು ಬೆರಳು ಜಾಗ ಇರ್ಬೇಕು, ನನಗೆ ಅಂಚು ಬಂದು ಒತ್ತುದೇ. ಸೊಂಟಕ್ಕೆ ಅಂತ ಇರುವ ಉಬ್ಬು ಪಕ್ಕೆಲುಬಿಗೆ ಚುಚ್ತದೆ. ಎಲ್ಲಕ್ಕಿಂತ ದೊಡ್ಡ ರಗಳೆ ಆ ಕೈ ಇಡುವ ಆರ್ಮ್‌ರೆಸ್ಟ್, ಮೇಜಿನ ಅಂಚಿಗೆ ಹೊಡೆದು ಕುರ್ಚಿ ಒಳಗೇ ಹೋಗುದಿಲ್ಲ, ಹಾಗಾಗಿ ಮುಂದೆ ಬಗ್ಗಿಯೇ ಟೈಪ್ ಮಾಡುದು, ಅಂದ್ರೆ 9,500 ಕೊಟ್ಟು ಪುನಃ ಮೊದಲಿನ ಕಥೆಯೇ! ಎರಡು ತಿಂಗಳು ಅದರಲ್ಲಿ ಒಣಗಿದ ಬಟ್ಟೆ ರಾಶಿ ಇತ್ತು.

ಸರಿ ಆದದ್ದು ಹೇಗೆ ಅಂದ್ರೆ 600 ರೂಪಾಯಿಯ ವೈರ್ ಕೀಬೋರ್ಡಿಂದ. ಲ್ಯಾಪ್‌ಟಾಪ್ ಅಂದ್ರೆ ಸ್ಕ್ರೀನ್, ಕೀಬೋರ್ಡ್ ಅಂಟಿಕೊಂಡೇ ಇರುವ ಜಾತಿ, ಕೈಗೆ ಸರಿ ಮಾಡಿದ್ರೆ ಕುತ್ತಿಗೆ ಹೋಯ್ತು, ಕುತ್ತಿಗೆಗೆ ಮಾಡಿದ್ರೆ ಕೈ ಹೋಯ್ತು. ಬೇರೆ ಕೀಬೋರ್ಡ್ ಬಂದ ಮೇಲೆ ಲ್ಯಾಪ್‌ಟಾಪನ್ನು ಎ4 ಪೇಪರಿನ ನಾಲ್ಕು ರೀಮ್ ಮೇಲೆ ಏರಿಸಿದೆ, 8 ಇಂಚು, ಸ್ಕ್ರೀನಿನ ಮೇಲಿನ ಅಂಚು ಕಣ್ಣಿನ ನೇರಕ್ಕೆ ಬಂತು, ಒಂದು ಕೈ ಚಾಚುವಷ್ಟು ದೂರ ಇಟ್ಟೆ. ಪ್ರಿಂಟ್ ಜಾಸ್ತಿ ಇರುವ ವಾರ ರೀಮ್ ಖಾಲಿಯಾಗಿ ಸ್ಕ್ರೀನ್ ಕೆಳಗಿಳಿತದೆ, ಅದು ಬೇರೆ ವಿಷಯ. ಮರದ ಕುರ್ಚಿಗೆ 3 ಇಂಚು ದಪ್ಪಕ್ಕೆ ಕಂಬಳಿ ಮಡಚಿ ಹಾಕಿದೆ. ಈಗ ಕಾಲು 6 ಇಂಚು ಮೇಲೆ ನೇತಾಡ್ಲಿಕ್ಕೆ ಶುರು. ಮೊದಲು ಅಂಗಳದಿಂದ ಒಂದು ತುಂಡು ಕೆಂಪು ಕಲ್ಲು ತಂದಿಟ್ಟೆ, ಪಾದ ಎಲ್ಲಾ ಕೆಂಪು, ನೆಲವೂ ಕೆಂಪು, ಅಮ್ಮ ಸುಮ್ನೆ ಬಿಡ್ತಾರಾ. ಆಮೇಲೆ 3 ಇಂಚಿನ ಎರಡು ಮಣೆ ಒಂದರ ಮೇಲೊಂದು. ಕೂತು ನೋಡಿದೆ, ಭುಜ ಕೆಳಗೆ, ಪಾದ ಪೂರಾ ಊರಿದೆ, ಬೆನ್ನು ಒರಗಿದೆ.

ಕೀಬೋರ್ಡಿನ ಹಿಂದೆ ಎರಡು ಮಡಚುವ ಕಾಲು ಇರ್ತದಲ್ಲ, ಅದನ್ನು ಎತ್ತಬೇಡಿ, ಎತ್ತಿದ್ರೆ ಮಣಿಕಟ್ಟು ಹಿಂದಕ್ಕೆ ಮುರಿದ ಹಾಗೆ ಇರ್ತದೆ. ಮತ್ತೆ ಕನ್ನಡ ಟೈಪ್ ಮಾಡುವವರಿಗೆ ಶಿಫ್ಟಿನ ಕಾಟ ಒಂದು ಉಂಟು. ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ, ಅಂದ್ರೆ ನುಡಿ ಸಾಫ್ಟ್‌ವೇರಲ್ಲಿ ಇರುವುದೇ, ದೀರ್ಘ, ಮಹಾಪ್ರಾಣ, ಣ, ಳ ಎಲ್ಲಾ ಶಿಫ್ಟ್ ಒತ್ತಿಯೇ ಬರ್ಬೇಕು. ನಾನು ವರ್ಷಗಟ್ಟಲೆ ಎಡ ಕಿರುಬೆರಳಲ್ಲೇ ಎಲ್ಲಾ ಶಿಫ್ಟ್ ಒತ್ತಿದ್ದು, 'ಆ' ಬರಿಲಿಕ್ಕೆ ಅದೇ ಕೈಯನ್ನು ಸೊಟ್ಟ ಮಾಡಿ ಇಂಗ್ಲಿಷಿನ A ಕೀ ಒತ್ತುದು. ಎಡಗೈ ಅಕ್ಷರಕ್ಕೆ ಬಲದ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡದ್ದು ಅಂತ ಅಭ್ಯಾಸ ಮಾಡ್ಲಿಕ್ಕೆ ಮೂರು ವಾರ ಹೋಯ್ತು, ಆ ಮೂರು ವಾರ ಸ್ಪೀಡ್ ಅರ್ಧ, ಆದ್ರೆ ಎಡಗೈ ಈಗ ಹಗುರ.

ಕುರ್ಚಿಯನ್ನೂ ಬಿಡ್ಲಿಲ್ಲ, ಅಲೆನ್ ಕೀಯಲ್ಲಿ ಆರ್ಮ್‌ರೆಸ್ಟಿನ ಬೋಲ್ಟ್ ತೆಗೆದು ಬಿಸಾಡಿದೆ, ಬೆನ್ನಿಗೆ ಒಂದು ತಲೆದಿಂಬು, ಸೀಟ್ 21 ಇಂಚಿಗೆ ಏರಿಸಿ ಕಾಲಡಿಗೆ ಅದೇ ಮಣೆ. ದಿನಕ್ಕೆ ಆರೇಳು ಗಂಟೆ ಕೂರುವ ಸೀಸನ್‌ನಲ್ಲಿ ಮರದ ಕುರ್ಚಿಗಿಂತ ಇದು ಮೇಲು, ಪೃಷ್ಠ ಸೋಲುದಿಲ್ಲ. ಎರಡು ಮೂರು ಗಂಟೆಯ ಕೆಲಸಕ್ಕೆ ಕಂಬಳಿ ಹಾಕಿದ ಮರದ ಕುರ್ಚಿ ಸಾಕೇ ಸಾಕು, 9,500ರ ವ್ಯತ್ಯಾಸ ನನಗಂತೂ ಕಾಣ್ಲಿಲ್ಲ. ಈಗ ಕೇಳಿದ್ರೆ ಮೊದಲು ಟೇಪ್, ಮತ್ತೆ ಕೀಬೋರ್ಡ್, ಮತ್ತೆ ಮಣೆ, ಕುರ್ಚಿ ಆಮೇಲೆ ಅಂತ ಹೇಳ್ತೇನೆ. ಬೆರಳಿನ ಜೋಮು ಹೋಗ್ಲಿಕ್ಕೆ ಸುಮಾರು ಎರಡು ತಿಂಗಳು ಹಿಡಿತು.

ಹೋದ ವಾರ ನೋಡಿದ್ರೆ ಕಾಲಡಿಯಲ್ಲಿ ಮಣೆ ಒಂದೇ ಉಂಟು. ಇನ್ನೊಂದು ಅಮ್ಮನ ಮಡಿಲಲ್ಲಿ, ತಡ್ಪೆಯ ಅಡಿಯಲ್ಲಿ. "ಹೀಗೆ ಎತ್ತರ ಆದ್ರೆ ಕುತ್ತಿಗೆ ಅಷ್ಟು ಬಗ್ಗುದಿಲ್ಲ ಅಲ್ವಾ" ಅಂತ ನನ್ನನ್ನೇ ಕೇಳ್ತಾರೆ. ನನ್ನ ಕಾಲಡಿಗೆ ಈಗ ಹಳೇ ಟೆಲಿಫೋನ್ ಡೈರೆಕ್ಟರಿ.