ಸ್ಟಾರ್ ಅವಾರ್ಡ್ಸ್: ಸಿಂಗಪುರದ ಚೀನಿ ಟಿವಿ ಪ್ರಶಸ್ತಿ, ಬಳ್ಳಾರಿ ಕಡೆಯ ನೋಡುಗರಿಗೆ

ಸಿಂಗಪುರದ ಮೀಡಿಯಾಕಾರ್ಪ್ ಸಂಸ್ಥೆ ತನ್ನ ಚೀನಿ ಭಾಷೆಯ ವಾಹಿನಿಗಳ ಕಲಾವಿದರಿಗಾಗಿ ನಡೆಸುವ ವಾರ್ಷಿಕ ಪ್ರಶಸ್ತಿ ಸಮಾರಂಭ ಸ್ಟಾರ್ ಅವಾರ್ಡ್ಸ್. ಶುರುವಾಗಿದ್ದು 1994ರಲ್ಲಿ, ಆಗ ಸಂಸ್ಥೆಯ ಹೆಸರು ಬೇರೆ ಇತ್ತು. ನಮ್ಮಲ್ಲಿ ಇದಕ್ಕೆ ಸಾಟಿ ಹುಡುಕಿದರೆ ಜೀ ಕುಟುಂಬ ಅವಾರ್ಡ್ಸ್, ಇಲ್ಲವೇ ಕಲರ್ಸ್ ಕನ್ನಡದ ಅನುಬಂಧ. ವಾಹಿನಿಯೂ ಅವರದೇ, ಧಾರಾವಾಹಿಯೂ ಅವರದೇ, ನಟರೂ ಅವರವರೇ, ಕೊನೆಗೆ ಚಪ್ಪಾಳೆ ತಟ್ಟುವವರಲ್ಲೂ ಅರ್ಧಕ್ಕರ್ಧ ಅವರೇ. ಇದನ್ನು ತಲೆಯಲ್ಲಿ ಇಟ್ಟುಕೊಂಡು ಕೂತರೆ ನಿರಾಸೆ ಆಗುವುದಿಲ್ಲ. ಚೀನಿ ಭಾಷೆಯ ಇಡೀ ಟಿವಿ ಲೋಕದ ತೀರ್ಪು ಇದು ಅಂದುಕೊಂಡು ಕೂತರೆ ಮಾತ್ರ ಮೋಸ ಹೋದಂತೆ.

ಸಬ್‌ಟೈಟಲ್ ಓದಿಕೊಂಡು ಚೀನಿ ಧಾರಾವಾಹಿ ನೋಡುವವರು ಈಗ ಬಳ್ಳಾರಿ, ಗಂಗಾವತಿ, ಸಿಂಧನೂರಲ್ಲೂ ಸಿಗುತ್ತಾರೆ. ಮೊದಲು ಅವರಿಗೆ ಬೇಕಾದ ವಿಷಯ ಹೇಳಿ, ಆಮೇಲೆ ಊರಲ್ಲಿ ವೇದಿಕೆ ಕಾರ್ಯಕ್ರಮ ಮಾಡುವವರ ಕಡೆ ಬರುತ್ತೇವೆ. ನಿಜ ಹೇಳಬೇಕೆಂದರೆ ಈ ಸಮಾರಂಭದಿಂದ ಹೆಚ್ಚು ಲಾಭ ಇರುವುದು ಎರಡನೆಯವರಿಗೇ.

ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಸಾಮಾನ್ಯವಾಗಿ ಭಾನುವಾರ ಅಲ್ಲಿ ಸಂಜೆ 7ಕ್ಕೆ ಶುರುವಾದರೆ ನಮಗೆ 4.30. ಕೆಂಪು ಹಾಸಿನ ಮೇಲೆ ತಾರೆಯರು ನಡೆದು ಬರುವ ಭಾಗಕ್ಕೆ ಅವರು ವಾಕ್ ಆಫ್ ಫೇಮ್ ಅನ್ನುತ್ತಾರೆ, ಅದು ಇನ್ನೂ ಮುಂಚೆ ಇರುತ್ತದೆ. 2009ರಿಂದ ಈಚೆಗೆ ಹೆಚ್ಚಿನ ವರ್ಷ ಸಮಾರಂಭ ಏಪ್ರಿಲ್ ಸುಮಾರಿಗೆ ಬಿದ್ದಿದೆ. ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳ ಸಂಜೆ ನಾಲ್ಕೂವರೆ ಎಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಓಣಿಯಲ್ಲಿ ಕೂಲರ್, ಎಸಿ ಎಲ್ಲ ಒಟ್ಟಿಗೆ ಓಡುವ ಹೊತ್ತು, ಕರೆಂಟ್ ಹೋದರೆ ಟಿವಿಗಿಂತ ಮೊದಲು ಕೈಕೊಡುವುದು ವೈಫೈ ರೂಟರ್. ಮನೆಯ ಇನ್ವರ್ಟರ್ ಲೈನಿಗೆ ರೂಟರ್ ಸೇರಿಸಿಲ್ಲದಿದ್ದರೆ 12 ವೋಲ್ಟಿನ ಸಣ್ಣ ಯುಪಿಎಸ್ ಒಂದನ್ನು ಅದಕ್ಕೇ ಅಂತ ಇಡಿ. ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಂಡೇ ಕೊಳ್ಳಿ. 9 ವೋಲ್ಟಿನ ರೂಟರ್‌ಗೆ 12 ವೋಲ್ಟ್ ಕೊಟ್ಟು ಸುಟ್ಟುಕೊಂಡವರು ಉಂಟು.

ಮೊಬೈಲ್ ಡೇಟಾದಲ್ಲಿ ನೋಡುವವರು ಲೆಕ್ಕ ಹಾಕಿಕೊಳ್ಳಬೇಕು. 480ಪಿ ಗುಣಮಟ್ಟಕ್ಕೆ ಗಂಟೆಗೆ ಸುಮಾರು ಅರ್ಧ ಜಿಬಿ, 720ಪಿಗೆ ಒಂದು ಜಿಬಿ ಅಥವಾ ಇನ್ನೂ ಜಾಸ್ತಿ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇದ್ದು 720ಪಿಯಲ್ಲಿ ಬಿಟ್ಟರೆ ಮೂರು ಗಂಟೆಯ ಕಾರ್ಯಕ್ರಮದ ಅರ್ಧಕ್ಕೇ ಡೇಟಾ ಖಾಲಿ. ಶ್ರೇಷ್ಠ ನಟ, ಶ್ರೇಷ್ಠ ನಟಿ ಪ್ರಶಸ್ತಿ ಬರುವುದು ಕೊನೆಗೆ, ಅಷ್ಟರಲ್ಲಿ ಪರದೆಯಲ್ಲಿ ಚಕ್ರ ತಿರುಗುತ್ತಿರುತ್ತದೆ. ಆಟೋ ಅಂತ ಬಿಡದೆ ಶುರುವಿನಲ್ಲೇ 480ಕ್ಕೆ ಇಳಿಸಿಡಿ.

ನೋಡುವ ಜಾಗದ್ದೇ ದೊಡ್ಡ ಕೊರತೆ. ಮೀಡಿಯಾಕಾರ್ಪ್‌ನ ಆ್ಯಪ್ ಮೀವಾಚ್, ಆದರೆ ಅದರಲ್ಲಿರುವ ಎಲ್ಲವೂ ಸಿಂಗಪುರದ ಹೊರಗೆ ತೆರೆದುಕೊಳ್ಳುವುದಿಲ್ಲ. ಹೊರಗಿನವರ ಪಾಲಿಗೆ ಯೂಟ್ಯೂಬೇ ಗತಿ. ನೇರಪ್ರಸಾರದಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಸಿಗುತ್ತದೆ ಅಂತ ಕಾಯಬೇಡಿ. ಭಾಷಣದ ಕಣ್ಣೀರು ಕಾಣುತ್ತದೆ, ಯಾಕೆ ಅತ್ತರು ಅನ್ನುವುದು ತಿಳಿಯುವುದಿಲ್ಲ. ಯಾರಿಗೆ ಬಂತು ಅನ್ನುವುದಷ್ಟೇ ಬೇಕಿದ್ದರೆ ಮರುದಿನ ಬಿಡಿಬಿಡಿಯಾಗಿ ಬರುವ ಸಣ್ಣ ವಿಡಿಯೊಗಳು ಸಾಕು, ಇಂಗ್ಲಿಷ್ ಪತ್ರಿಕೆಗಳಲ್ಲಿ ಪಟ್ಟಿಯೂ ಬಂದಿರುತ್ತದೆ. ಭಾಷೆ ಬಾರದವರಿಗೆ ಸೇವೆಯಾಗಿ ಇದಕ್ಕೆ ಐದಕ್ಕೆ ಎರಡು ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ.

ಇನ್ನು ಒಳಗಿನ ಹೂರಣ. ಪ್ರಶಸ್ತಿಗಳು ಎರಡು ಬಗೆ. ನಟನೆ, ನಿರೂಪಣೆ, ಧಾರಾವಾಹಿ ಇಂಥವಕ್ಕೆ ತೀರ್ಪುಗಾರರು ಇದ್ದಾರೆ. ಇನ್ನೊಂದು ಜನಪ್ರಿಯತೆಯದು: ಹತ್ತು ನಟರು, ಹತ್ತು ನಟಿಯರು. ಇಲ್ಲಿ ಜನರ ಮತ ನಡೆಯುತ್ತದೆ. ಹಲವು ವರ್ಷ ಬರೀ ಮತವನ್ನೇ ನಂಬದೆ ಬೇರೆ ಬೇರೆ ವಯಸ್ಸು, ವರ್ಗದ ಜನರ ನಡುವೆ ಮಾಡಿದ ಸಮೀಕ್ಷೆಯನ್ನೂ ಅದರ ಜೊತೆ ಬೆರೆಸಿದ್ದಾರೆ. ಕಾರಣ ಸರಳ. ಮತ ಹಾಕುವವನು ಅಭಿಮಾನಿ, ಒಬ್ಬನೇ ಹತ್ತು ಸಲ ಒತ್ತುತ್ತಾನೆ. ದಿನಾ ರಾತ್ರಿ ಊಟದ ಹೊತ್ತಿಗೆ ಟಿವಿ ಹಚ್ಚುವ ಅಜ್ಜಿ ಒಂದು ಸಲವೂ ಒತ್ತುವುದಿಲ್ಲ. ಆ ಅಜ್ಜಿಯ ಅಭಿಪ್ರಾಯ ಸಿಗಬೇಕಾದರೆ ಸಮೀಕ್ಷೆಯವರೇ ಹೋಗಿ ಕೇಳಬೇಕು.

ಇಡೀ ಸಮಾರಂಭದಲ್ಲಿ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಇದಕ್ಕೆ ಅಂಟಿಕೊಂಡ ಇನ್ನೊಂದು ನಿಯಮ. ಆ ಹತ್ತರ ಪಟ್ಟಿಯಲ್ಲಿ ಯಾರು ಹತ್ತು ಸಲ ಗೆದ್ದರೋ ಅವರಿಗೆ ಆಲ್ ಟೈಮ್ ಫೇವರಿಟ್ ಆರ್ಟಿಸ್ಟ್ ಎಂಬ ಗೌರವ ಕೊಟ್ಟು, ಮುಂದೆ ಜನಪ್ರಿಯತೆಯ ಸ್ಪರ್ಧೆಯಿಂದ ಹೊರಗಿಡುತ್ತಾರೆ. ನಟನೆಯ ಪ್ರಶಸ್ತಿಗೆ ಅವರು ಆಮೇಲೂ ಅರ್ಹರೇ. ಝೋಯ್ ಟೇ, ಲೀ ನಾನ್‌ಶಿಂಗ್, ಫ್ಯಾನ್ ವಾಂಗ್ ಅಂಥ ಘಟಾನುಘಟಿಗಳು ಹೀಗೇ ಮರ್ಯಾದೆಯಿಂದ ಜಾಗ ಬಿಟ್ಟುಕೊಟ್ಟವರು. ಝೋಯ್ ಟೇ 1988ರಲ್ಲಿ ಸ್ಟಾರ್ ಸರ್ಚ್ ಎಂಬ ಪ್ರತಿಭಾ ಸ್ಪರ್ಧೆ ಗೆದ್ದು ಬಂದವರು. ಈ ನಿಯಮ ಇರದಿದ್ದರೆ ಇವತ್ತಿಗೂ ಮೊದಲ ಹೆಸರು ಅವರದೇ ಇರುತ್ತಿತ್ತೇನೋ. ಹಿರಿಯರಿಗೆ ಇದು ಸೋಲಲ್ಲ, ಕಿರಿಯರಿಗೆ ಖಾಲಿ ಕುರ್ಚಿ ಸಿಗುತ್ತದೆ. ನಮ್ಮ ಕಡೆ ವರ್ಷ ವರ್ಷ ಅದೇ ನಾಲ್ಕು ಜನಕ್ಕೆ ಶಾಲು ಹೊದಿಸುವ ಸಂಘಗಳು ಕಣ್ಣು ಮುಚ್ಚಿ ನಕಲು ಮಾಡಬಹುದಾದ ನಿಯಮ ಇದು. ಹತ್ತು ಜಾಸ್ತಿ ಅನಿಸಿದರೆ ಮೂರಕ್ಕೆ ನಿಲ್ಲಿಸಿ.

ಮತದಾನ ಇಡುವ ಕಾಲೇಜು, ಯುವಕ ಮಂಡಳಿಗಳಿಗೆ ಒಂದು ಎಚ್ಚರಿಕೆ. ವಾಟ್ಸ್ಆ್ಯಪ್‌ನಲ್ಲಿ ಗೂಗಲ್ ಫಾರ್ಮ್ ಲಿಂಕ್ ಹಂಚಿ ಸುಮ್ಮನೆ ಬಿಟ್ಟರೆ ಒಬ್ಬನೇ ಕೂತು ನೂರು ಮತ ತುಂಬುತ್ತಾನೆ. ಸೆಟ್ಟಿಂಗ್ಸ್‌ನಲ್ಲಿ ಒಬ್ಬರಿಗೆ ಒಂದೇ ಉತ್ತರ ಎನ್ನುವ ಮಿತಿ ಹಾಕಿ. ಆಗ ಜಿಮೇಲ್‌ನಿಂದ ಲಾಗಿನ್ ಆಗಲೇಬೇಕಾಗುತ್ತದೆ, ಕಳ್ಳ ಮತ ಪೂರ್ತಿ ನಿಲ್ಲದಿದ್ದರೂ ಬಹಳಷ್ಟು ಇಳಿಯುತ್ತದೆ. ಯಾರು ಮುಂದಿದ್ದಾರೆ ಅನ್ನುವುದನ್ನು ನಡುವೆ ತೋರಿಸಲೇಬೇಡಿ. ತೋರಿಸಿದ ಕ್ಷಣದಿಂದ ಅದು ಚುನಾವಣೆ ಆಗುತ್ತದೆ, ಜಗಳವೂ ಅದೇ ಮಟ್ಟದ್ದು.

ಸಮಾರಂಭದಲ್ಲಿ ಬೇಸರ ತರಿಸುವುದು ಪ್ರಾಯೋಜಕರ ಪ್ರಶಸ್ತಿಗಳು. ತೂಕ ಇಳಿಸುವ ಸಂಸ್ಥೆಯೊಂದರ ಹೆಸರು ಹೊತ್ತ ಅಂದವಾದ ಕಾಲುಗಳ ಪ್ರಶಸ್ತಿ, ಚಾಕೊಲೇಟ್ ರೋಲ್ ಹೆಸರಿನ ಸಂತೋಷದ ಪ್ರಶಸ್ತಿ, ಇಂಥವನ್ನೂ ಇದೇ ವೇದಿಕೆಯಲ್ಲಿ ಕೊಟ್ಟಿದ್ದಾರೆ. ಹಾಸ್ಯಕ್ಕೆ ಅಂತ ಒಪ್ಪಬಹುದು, ಆದರೆ ಇನ್ನೊಂದು ಕಡೆ ಕ್ಯಾಮೆರಾ ಹಿಂದಿನವರ ಪ್ರಶಸ್ತಿಗಳನ್ನು ಎಷ್ಟೋ ವರ್ಷ ಮುಖ್ಯ ರಾತ್ರಿಯಿಂದ ಹೊರಗೆ ಇಟ್ಟಿದ್ದಾರೆ. ಸಂಕಲನಕಾರನಿಗೆ ಐದು ನಿಮಿಷ ಇಲ್ಲ, ಕಾಲಿಗೆ ಇದೆ! 2010ರಲ್ಲಿ ಸಮಾರಂಭವನ್ನು ಎರಡು ಭಾಗ ಮಾಡಿ ಬೇರೆ ಬೇರೆ ಭಾನುವಾರ ನಡೆಸಿದ್ದರು, ಆ ಹಂಚಿಕೆ ಇದಕ್ಕಿಂತ ನ್ಯಾಯವಾಗಿತ್ತು.

ವೇದಿಕೆಯ ಕೆಲಸಕ್ಕೆ ಬಂದರೆ ಮಾತ್ರ ಕೈ ಮುಗಿಯಬೇಕು. ಈಚಿನ ವರ್ಷಗಳಲ್ಲಿ ಅದು ನಡೆಯುವ ಮೀಡಿಯಾಕಾರ್ಪ್ ಥಿಯೇಟರ್ ಸುಮಾರು 1,500 ಆಸನದ್ದು. 2020ರಲ್ಲಿ ಕೋವಿಡ್ ಕಾರಣಕ್ಕೆ ಸಮಾರಂಭ ರದ್ದಾಯಿತು, 2021ರಲ್ಲಿ ಚಾಂಗಿ ವಿಮಾನ ನಿಲ್ದಾಣದಲ್ಲಿ ಮಾಡಿದರು. ಪ್ರಯಾಣಿಕರಿಲ್ಲದೆ ಮುಚ್ಚಿದ್ದ ಟರ್ಮಿನಲ್ 4, ನಿಲ್ದಾಣದ ಜ್ಯುವೆಲ್ ಕಟ್ಟಡ ಎರಡನ್ನೂ ಬಳಸಿಕೊಂಡರು. ನಾಟಕಕ್ಕೆ ಅಂತ ಕಟ್ಟದ ಜಾಗದಲ್ಲಿ ಧ್ವನಿ, ಬೆಳಕು, ನೇರಪ್ರಸಾರ ಎಲ್ಲ ಹೊಂದಿಸುವುದು ಎಷ್ಟು ಕಷ್ಟ ಅನ್ನುವುದು ಮುನಿಸಿಪಲ್ ಮೈದಾನದಲ್ಲಿ ಪೆಂಡಾಲ್ ಕಟ್ಟಿದವರಿಗೆ ಗೊತ್ತು.

ಬಳ್ಳಾರಿ ಉತ್ಸವ, ಆನೆಗುಂದಿ ಉತ್ಸವ, ಕನಕಗಿರಿ ಉತ್ಸವದಂಥ ಕಡೆ ಸನ್ಮಾನದ ಭಾಗ ಎಡವುವುದು ಮುಖ್ಯವಾಗಿ ನಡಿಗೆಯಲ್ಲಿ. ಹೆಸರು ಕರೆಯುತ್ತಾರೆ, ಪಡೆಯುವವರು ಹಿಂದಿನ ಸಾಲಿನಿಂದ ಎದ್ದು ಕುರ್ಚಿ ಸರಿಸಿಕೊಂಡು ಬರುವಷ್ಟರಲ್ಲಿ ಎರಡು ನಿಮಿಷ, ನಿರೂಪಕರು ಅದೇ ವಾಕ್ಯವನ್ನು ಮೂರು ಸಲ ಹೇಳುತ್ತಾರೆ. ಹದಿನೈದು ಜನ ಎಂದರೆ ಅರ್ಧ ಗಂಟೆ ಬರೀ ನಡಿಗೆಗೇ ಹೋಯಿತು. ಸ್ಟಾರ್ ಅವಾರ್ಡ್ಸ್‌ನ ಯಾವುದೇ ಹತ್ತು ನಿಮಿಷ ನೋಡಿ: ನಾಮನಿರ್ದೇಶಿತರೆಲ್ಲ ವೇದಿಕೆಗೆ ಹತ್ತಿರ, ಆಸನಗಳ ನಡುವಿನ ದಾರಿಯ ಅಂಚಿಗೆ ಕೂತಿರುತ್ತಾರೆ. ಅವರ ನಟನೆಯ ತುಣುಕು ಪರದೆಯಲ್ಲಿ ಓಡುವಾಗಲೇ ಕ್ಯಾಮೆರಾ ಅವರ ಮುಖಕ್ಕೆ ಸಿದ್ಧ. ಇದಕ್ಕೆ ದುಡ್ಡು ಬೇಡ, ಆಸನದ ನಕ್ಷೆ ಸಾಕು. ಸನ್ಮಾನಿತರನ್ನು ಕರೆಯುವ ಕ್ರಮದಲ್ಲೇ ಮೊದಲ ಸಾಲಿನಲ್ಲಿ ಕೂರಿಸಿ, ಮುಂದಿನ ಇಬ್ಬರನ್ನು ವೇದಿಕೆಯ ಮೆಟ್ಟಿಲ ಬಳಿ ನಿಲ್ಲಿಸಿಕೊಳ್ಳಲು ಒಬ್ಬ ಹುಡುಗನನ್ನು ಇಡಿ. ಏರುವ ಮೆಟ್ಟಿಲು ಎಡಕ್ಕಿದ್ದರೆ ಇಳಿಯುವುದು ಬಲಕ್ಕಿರಲಿ. ಮೆಟ್ಟಿಲಿನ ಎತ್ತರ ಆರು ಇಂಚು ಮೀರದಿರಲಿ, ಕೈಹಿಡಿ ಬೇಕೇ ಬೇಕು. ತೊಗಲುಗೊಂಬೆ ಆಟಕ್ಕೆ 2025ರಲ್ಲಿ ಪದ್ಮಶ್ರೀ ಪಡೆದ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಂಥ ಹಿರಿಯರನ್ನು ಕರೆಯುವ ಸೀಮೆ ನಮ್ಮದು. ಅವರನ್ನು ಇಬ್ಬರು ರಟ್ಟೆ ಹಿಡಿದು ಮೇಲೆ ಎಳೆಯುವ ಫೋಟೊ ಯಾರಿಗೂ ಶೋಭೆಯಲ್ಲ. ಇಳಿಜಾರು ಹಲಗೆ ಹಾಕಿಸಿ, ಅಥವಾ ವೇದಿಕೆಯ ಮೇಲಿರುವವರೇ ಕೆಳಗಿಳಿದು ಬಂದು ಸನ್ಮಾನ ಮಾಡಲಿ.

ಎಲ್‌ಇಡಿ ವಾಲ್ ಬಾಡಿಗೆಗೆ ತರುವವರು ಪಿಚ್ ಕೇಳಿಯೇ ತರಬೇಕು. ಪಿ4 ಎಂದರೆ ಬಲ್ಬಿನಿಂದ ಬಲ್ಬಿಗೆ 4 ಮಿಲಿಮೀಟರ್, ಕನಿಷ್ಠ 4 ಮೀಟರ್ ದೂರದಿಂದ ನೋಡಿದರೆ ಚೆಂದ. ಮುಂದಿನ ಸಾಲು ಅದಕ್ಕಿಂತ ಹತ್ತಿರ ಇದ್ದರೆ ಅವರಿಗೆ ಬರೀ ಚುಕ್ಕಿ ಕಾಣುತ್ತದೆ. ಕ್ಯಾಮೆರಾದಲ್ಲಿ ಭಾಷಣಕಾರರ ಹಿಂದೆ ಅಲೆಅಲೆಯಾಗಿ ಗೆರೆ ಕುಣಿಯುವುದು ಕ್ಯಾಮೆರಾದ ಫೋಕಸ್ ನೇರ ವಾಲ್ ಮೇಲೆ ಬಿದ್ದಾಗ. ಮಾತಾಡುವವರನ್ನು ವಾಲ್‌ನಿಂದ ಎಂಟು ಹತ್ತು ಅಡಿ ಮುಂದೆ ನಿಲ್ಲಿಸಿ, ವಾಲ್‌ನ ಬೆಳಕು ತಗ್ಗಿಸಿದರೆ ಬಹುಪಾಲು ಸರಿಹೋಗುತ್ತದೆ. ಕಾರ್ಡ್‌ಲೆಸ್ ಮೈಕ್ ನಡುವೆ ಕಟ್ಟಾಗುವುದಕ್ಕೂ ಎಷ್ಟೋ ಸಲ ಇದೇ ವಾಲ್ ಕಾರಣ. ರಿಸೀವರನ್ನು ಅದರ ಬೆನ್ನ ಹಿಂದೆ ಇಟ್ಟಿರುತ್ತಾರೆ, ಕಬ್ಬಿಣದ ಚೌಕಟ್ಟು ಸಿಗ್ನಲ್ ತಿನ್ನುತ್ತದೆ. ಆ್ಯಂಟೆನಾ ಮೈಕಿಗೆ ನೇರ ಕಾಣುವಂತೆ ಪಕ್ಕಕ್ಕೆ ತನ್ನಿ, ಬ್ಯಾಟರಿ ಅವತ್ತೇ ಹೊಸದು ಹಾಕಿ. ಬಳ್ಳಾರಿ ರಾಘವರ ಊರಲ್ಲಿ ಸಭಿಕರು ಸಂಭಾಷಣೆ ಕೇಳಲೆಂದೇ ಬರುತ್ತಾರೆ, ಕರಕರ ಸದ್ದನ್ನು ಸಹಿಸುವವರಲ್ಲ.

ಮತ್ತೆ ನೋಡುಗರ ಪ್ರಶ್ನೆಗೆ. ಎಲ್ಲಿಂದ ಶುರು ಮಾಡುವುದು? ಮುಖಗಳ ಪರಿಚಯ ಇಲ್ಲದೆ ಪ್ರಶಸ್ತಿ ಸಮಾರಂಭ ನೋಡಿದರೆ ಯಾರದೋ ಮದುವೆಯ ವಿಡಿಯೊ ನೋಡಿದ ಹಾಗೆ. ಮೊದಲು ಒಂದು ಧಾರಾವಾಹಿ ಮುಗಿಸಿ. 2008ರ ದಿ ಲಿಟಲ್ ನ್ಯೋನ್ಯಾ, 34 ಕಂತು, ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಸಿಕ್ಕರೆ ಬಿಡಬೇಡಿ. ಮಲಯ ಸೀಮೆಯಲ್ಲಿ ನೆಲೆ ನಿಂತ ಪೆರನಾಕನ್ ಚೀನಿ ಮನೆತನಗಳ ಕಥೆ. ಕೂಡು ಕುಟುಂಬ, ಅಡುಗೆಮನೆಯ ರಾಜಕೀಯ, ಸೊಸೆಯ ಪಾಡು ಇವೆಲ್ಲ ಕನ್ನಡ ಧಾರಾವಾಹಿ ನೋಡಿದವರಿಗೆ ಹೊಸದೇನಲ್ಲ. 2009ರ ಸ್ಟಾರ್ ಅವಾರ್ಡ್ಸ್‌ನಲ್ಲಿ ಅದರದೇ ಮೇಲುಗೈ.

ತಮಿಳು ಬಲ್ಲವರಿಗೆ ಇನ್ನೊಂದು ದಾರಿ ಇದೆ. ಸಿಂಗಪುರದ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳೂ ಒಂದು. ಇದೇ ಮೀಡಿಯಾಕಾರ್ಪ್ ತನ್ನ ವಸಂತಂ ವಾಹಿನಿಗಾಗಿ ಪ್ರಧಾನ ವಿಳಾ ಎಂಬ ಸಮಾರಂಭ ನಡೆಸುತ್ತದೆ. ಸಂಸ್ಥೆ ಒಂದೇ, ಆದರೆ ಇಲ್ಲಿ ಭಾಷಣವೂ ಅರ್ಥವಾಗುತ್ತದೆ.

ಬೇರೆ ಬೇರೆ ಸಂಸ್ಥೆಗಳ ನಡುವಿನ ನಿಜವಾದ ಪೈಪೋಟಿ ಬೇಕು ಅನ್ನುವವರು ತೈವಾನ್‌ನ ಗೋಲ್ಡನ್ ಬೆಲ್ ನೋಡಿ. 1965ರಲ್ಲಿ ರೇಡಿಯೊಗೆ ಅಂತ ಶುರುವಾಗಿ ಆಮೇಲೆ ಟಿವಿಗೂ ಬಂದದ್ದು. ಅದು ಸರ್ಕಾರದ ಸಂಸ್ಕೃತಿ ಸಚಿವಾಲಯದ್ದು, ಒಂದೇ ವಾಹಿನಿಯ ಮನೆ ಹಬ್ಬ ಅಲ್ಲ. ಹೆಸರು ಕೇಳಿ ಗೋಲ್ಡನ್ ಹಾರ್ಸ್ ಜೊತೆ ಕಲಸಿಕೊಳ್ಳಬೇಡಿ, ಅದು ಸಿನಿಮಾದ್ದು. ತೈವಾನ್ ಗಡಿಯಾರವೂ ಸಿಂಗಪುರದ ಹಾಗೇ ಎರಡೂವರೆ ಗಂಟೆ ಮುಂದೆ, ಆದ್ದರಿಂದ ಹೊತ್ತಿನ ಲೆಕ್ಕ ಬೇರೆ ಕಲಿಯಬೇಕಿಲ್ಲ.